ಮಾಸ್ಕ್ ಕೊಟ್ಟರೆ ಸಾಕಾ? ಮುಖಕ್ಕೆ ಕೂರಬೇಡವಾ?

ಮೊದಲೇ ಹೇಳಿಬಿಡ್ತೀನಿ, ನಾನು ಎಲ್‌ಕೆಜಿಯಿಂದ ಪಿಯುಸಿವರೆಗೂ ಓದಿದ್ದು ಇಂಗ್ಲಿಷ್ ಮೀಡಿಯಂನಲ್ಲಿ. ಮನೆಯಲ್ಲಿ ಮಾತಾಡೋ ಕನ್ನಡ ಚೆನ್ನಾಗಿ ಬರುತ್ತೆ, ಬರೆಯೋ ಕನ್ನಡದಲ್ಲಿ ಒತ್ತಕ್ಷರ ಅಲ್ಲಲ್ಲಿ ಕೈಕೊಡುತ್ತೆ. ತಪ್ಪಿದ್ದರೆ ಕ್ಲಬ್‌ನ ಸೀನಿಯರ್‌ಗಳು ತಿದ್ದಿಕೊಳ್ಳಲಿ. ಆದರೆ ಈ ವಿಷಯವನ್ನು ಕನ್ನಡದಲ್ಲೇ ಬರೀಬೇಕು ಅನ್ನಿಸಿತು. ಯಾಕೆ ಅಂತ ಕೊನೆಗೆ ಬರುವಷ್ಟರಲ್ಲಿ ನಿಮಗೇ ಗೊತ್ತಾಗುತ್ತೆ.

ನಮ್ಮೂರು ದುದ್ದ. ಹಾಸನ ತಾಲ್ಲೂಕಿನ ಒಂದು ಹೋಬಳಿ. ಕಳೆದ ಸೆಮ್ ರಜೆಯಲ್ಲಿ ಊರಿಗೆ ಹೋಗಿದ್ದೆ. ನಮ್ಮ ಚಿಕ್ಕಪ್ಪ ಜಲ್ಲಿ ಕ್ರಷರ್ ಒಂದರಲ್ಲಿ ಕೆಲಸ ಮಾಡ್ತಾರೆ. ಯಾವುದು, ಎಲ್ಲಿ ಅಂತ ಬರೆಯಲ್ಲ, ಅವರ ಕೆಲಸಕ್ಕೆ ತೊಂದರೆ ಆಗಬಾರದು. ಟಿಪ್ಪರ್ ತಂದು ಸುರಿದ ಕಲ್ಲು ಹಾಪರ್‌ಗೆ ಬೀಳುವ ಜಾಗದಲ್ಲಿ ನಿಂತು, ದೊಡ್ಡ ಕಲ್ಲು ಸಿಕ್ಕಿಹಾಕಿಕೊಂಡರೆ ಬಿಡಿಸೋದು, ಬೆಲ್ಟ್ ಕೆಳಗೆ ಉದುರಿದ ಪುಡಿ ಬಳಿಯೋದು ಅವರ ಕೆಲಸ. ಸಂಜೆ ಮನೆಗೆ ಬಂದಾಗ ಹುಬ್ಬು, ರೆಪ್ಪೆ, ಮೀಸೆ ಎಲ್ಲಾ ಬೆಳ್ಳಗಿರುತ್ತೆ. ಚಿಕ್ಕವನಿದ್ದಾಗ ನಾವು ಅವರನ್ನ "ಮೈದಾಹಿಟ್ಟಿನ ಚಿಕ್ಕಪ್ಪ" ಅಂತ ರೇಗಿಸ್ತಿದ್ವಿ. ಈಗ ನೆನೆಸಿಕೊಂಡರೆ ನಾಚಿಕೆ ಆಗುತ್ತೆ.

ಆ ದಿನ ಚಿಕ್ಕಪ್ಪನ ಕುತ್ತಿಗೆಯಲ್ಲಿ ಒಂದು ಮಾಸ್ಕ್ ನೇತಾಡ್ತಿತ್ತು. ಎನ್95. ನನಗೆ ಖುಷಿ ಆಯ್ತು. "ಪರವಾಗಿಲ್ವೇ, ಓನರ್ ಒಳ್ಳೆ ಮಾಸ್ಕ್ ಕೊಟ್ಟವ್ರಲ್ಲ ಚಿಕ್ಕಪ್ಪ" ಅಂದೆ. "ಯಾರೋ ಚೆಕಿಂಗಿಗೆ ಬತ್ತಾರಂತೆ ಅಂತ ಒಂದು ಡಬ್ಬ ತರ್ಸವ್ರೆ ಕಣ್ಲಾ. ಇದಾಕ್ಕೊಂಡ್ರೆ ಉಸ್ರು ಕಟ್ಟದಂಗಾಯ್ತದೆ" ಅಂದ್ರು. ಹಾಕಿಕೊಂಡು ತೋರಿಸಿ ಅಂದೆ. ಹಾಕಿಕೊಂಡರು. ಎರಡು ಎಲಾಸ್ಟಿಕ್ ದಾರದಲ್ಲಿ ಕೆಳಗಿನದನ್ನು ಬ್ಲೇಡಲ್ಲಿ ಕತ್ತರಿಸಿ ಬಿಸಾಕಿದ್ದರು, ಕುತ್ತಿಗೆ ಕೆರೆಯುತ್ತೆ ಅಂತ. ಮೂಗಿನ ಮೇಲಿನ ಲೋಹದ ಪಟ್ಟಿಯನ್ನು ಒತ್ತಿರಲೇ ಇಲ್ಲ, ಪ್ಯಾಕೆಟ್‌ನಿಂದ ಬಂದ ಹಾಗೇ ಇತ್ತು. ಮೂಗಿನ ಎರಡು ಪಕ್ಕದಲ್ಲೂ ನನ್ನ ಕಿರುಬೆರಳು ಸಲೀಸಾಗಿ ಒಳಗೆ ಹೋಯಿತು. ಕೆಳಗೆ ನಾಲ್ಕೈದು ದಿನದ ಗಡ್ಡ.

ಮಾಸ್ಕ್ ತೆಗೆದಾಗ ಅದರ ಒಳಭಾಗ ನೋಡಿದೆ. ಮೂಗಿನ ಪಕ್ಕ ಎರಡು ಬೂದು ಗೆರೆ ಎಳೆದ ಹಾಗೆ ಧೂಳು ಕೂತಿತ್ತು. ಗಾಳಿ ಎಲ್ಲಿಂದ ಒಳಗೆ ಹೋಗ್ತಿದೆ ಅಂತ ಆ ಗೆರೆಗಳೇ ತೋರಿಸ್ತಿದ್ವು.

ಈ ಲೇಖನದಲ್ಲಿ ನಾನು ಹೇಳಬೇಕಾಗಿರೋದು ಇಷ್ಟೇ. ಮಾಸ್ಕ್ ಕೊಡೋದು ಬೇರೆ, ಮಾಸ್ಕ್ ಮುಖಕ್ಕೆ ಸರಿಯಾಗಿ ಕೂತಿದೆಯಾ ಅಂತ ಪರೀಕ್ಷೆ ಮಾಡೋದು ಬೇರೆ. ನಮ್ಮಲ್ಲಿ ಮೊದಲನೆಯದು ಆದರೆ ಎಲ್ಲಾ ಆಯ್ತು ಅಂತ ರಿಜಿಸ್ಟರ್‌ನಲ್ಲಿ ಸಹಿ ಹಾಕಿಸಿಕೊಳ್ತಾರೆ. ಎರಡನೆಯದನ್ನು ಯಾರೂ ಮಾಡಲ್ಲ. ಇದು ಕಾರ್ಮಿಕನ ಸೋಮಾರಿತನ ಅಲ್ಲ, ಇದು ಇಂಜಿನಿಯರಿಂಗ್ ತಪ್ಪು. ಇನ್ನೆರಡು ಮೂರು ವರ್ಷಕ್ಕೆ ಆ ರಿಜಿಸ್ಟರ್ ಇಟ್ಟುಕೊಂಡು ನಿಲ್ಲೋರು ನಾವೇ, ಅದಕ್ಕೇ ನಮಗೆ ಬರೀತಿದ್ದೀನಿ.

ಸಂದು ಅಂದ್ರೆ ಶಾರ್ಟ್ ಸರ್ಕ್ಯೂಟ್

ಎನ್95 ಅಂದ್ರೆ ಏನು ಅಂತ ಕೋವಿಡ್ ಟೈಮಲ್ಲಿ ಎಲ್ಲರೂ ಕೇಳಿದ್ದೀವಿ. ಅಮೆರಿಕದ ನಯೋಶ್ ಸಂಸ್ಥೆ 1995ರಲ್ಲಿ ತಂದ ನಿಯಮದ ಪ್ರಕಾರ ಬಂದ ಹೆಸರು ಅದು. 'ಎನ್' ಅಂದ್ರೆ ಎಣ್ಣೆಯ ಹನಿ ಇರುವ ಗಾಳಿಗೆ ಅಲ್ಲ ಅಂತ. '95' ಅಂದ್ರೆ ಫಿಲ್ಟರ್ ಬಟ್ಟೆಗೆ ಸಿಕ್ಕ ಅತಿ ಸಣ್ಣ ಕಣಗಳಲ್ಲಿ ನೂರಕ್ಕೆ ಕನಿಷ್ಠ 95ನ್ನು ಹಿಡಿಯುತ್ತೆ ಅಂತ. ನಮ್ಮ ದೇಶದ ಸ್ಟ್ಯಾಂಡರ್ಡ್ ಐಎಸ್ 9473. ಅದರಲ್ಲಿ ಎಫ್‌ಎಫ್‌ಪಿ1, ಎಫ್‌ಎಫ್‌ಪಿ2, ಎಫ್‌ಎಫ್‌ಪಿ3 ಅಂತ ಮೂರು ದರ್ಜೆ.

ಇಲ್ಲಿ "ಫಿಲ್ಟರ್‌ಗೆ ಸಿಕ್ಕ" ಅನ್ನೋ ಮಾತೇ ಮುಖ್ಯ. ಸಿಗದೇ ಪಕ್ಕದಿಂದ ನುಗ್ಗಿದ ಗಾಳಿಯ ಲೆಕ್ಕ ಆ 95ರಲ್ಲಿ ಇಲ್ಲ.

ಫಸ್ಟ್ ಸೆಮ್‌ನ ಬೇಸಿಕ್ ಎಲೆಕ್ಟ್ರಿಕಲ್ ನೆನಪಿಸಿಕೊಳ್ಳಿ. ಎರಡು ರೆಸಿಸ್ಟರ್ ಪ್ಯಾರಲಲ್‌ನಲ್ಲಿ ಇದ್ದರೆ ಕರೆಂಟ್ ಯಾವ ಕಡೆ ಜಾಸ್ತಿ ಹೋಗುತ್ತೆ? ರೆಸಿಸ್ಟೆನ್ಸ್ ಕಡಿಮೆ ಇರೋ ಕಡೆ. ಫಿಲ್ಟರ್ ದೊಡ್ಡ ರೆಸಿಸ್ಟರ್, ಮೂಗಿನ ಪಕ್ಕದ ಸಂದು ಸಣ್ಣ ರೆಸಿಸ್ಟರ್. ನೀವು ಉಸಿರು ಎಳೆದಾಗ ಗಾಳಿ ಸುಲಭದ ದಾರಿ ಹಿಡಿಯುತ್ತೆ. ಸಂದು ದೊಡ್ಡದಿದ್ದಷ್ಟೂ ಅದು ಶಾರ್ಟ್ ಸರ್ಕ್ಯೂಟ್ ಥರ ಆಗುತ್ತೆ.

ಲೆಕ್ಕ ಹಾಕೋಣ. ಹೊರಗಿನ ಗಾಳಿಯಲ್ಲಿ 100 ಕಣ ಇದೆ ಅಂದುಕೊಳ್ಳಿ. ಉಸಿರಿನ ಹತ್ತನೇ ಒಂದು ಭಾಗ ಸಂದಿನಿಂದ ಬರುತ್ತೆ ಅಂದುಕೊಳ್ಳಿ. ಆ ಹತ್ತು ಕಣ ನೇರ ಒಳಗೆ. ಉಳಿದ 90ರಲ್ಲಿ ಫಿಲ್ಟರ್ ನೂರಕ್ಕೆ ಐದನ್ನು ಬಿಟ್ಟರೆ ನಾಲ್ಕೂವರೆ. ಒಟ್ಟು 14.5. ಈಗ ಜಾಸ್ತಿ ದುಡ್ಡು ಕೊಟ್ಟು 99 ಪರ್ಸೆಂಟ್ ಹಿಡಿಯೋ ಫಿಲ್ಟರ್ ತಂದರೂ ಸಂದು ಹಾಗೇ ಇದ್ದರೆ 10.9. ಅದೇ 95ರ ಮಾಸ್ಕನ್ನೇ ಸಂದು ಇಲ್ಲದ ಹಾಗೆ ಹಾಕಿಕೊಂಡರೆ ಬರೀ 5. ಅಂದ್ರೆ ದುಬಾರಿ ಮಾಸ್ಕ್ ತರೋದಕ್ಕಿಂತ ಇರೋದನ್ನು ಸರಿಯಾಗಿ ಕೂರಿಸೋದು ಹೆಚ್ಚು ಕೆಲಸ ಮಾಡುತ್ತೆ. ಇನ್ನೊಂದು ವಿಷಯ, ಧೂಳು ತುಂಬಿದ ಹಾಗೆ ಫಿಲ್ಟರ್‌ನ ರೆಸಿಸ್ಟೆನ್ಸ್ ಏರುತ್ತೆ. ಆಗ ಸಂದಿನಿಂದ ಬರೋ ಪಾಲು ಇನ್ನೂ ಜಾಸ್ತಿ ಆಗುತ್ತೆ. ಒಂದೇ ಮಾಸ್ಕನ್ನು ಹದಿನೈದು ದಿನ ಹಾಕೋರಿಗೆ ಇದೇ ಆಗೋದು.

ಗಡ್ಡದ ಕಥೆನೂ ಹೀಗೇ. ಮನುಷ್ಯನ ಕೂದಲಿನ ದಪ್ಪ ಸುಮಾರು 70 ಮೈಕ್ರಾನ್. ಶ್ವಾಸಕೋಶದ ತಳದವರೆಗೂ ಇಳಿಯೋ ಧೂಳು 5 ಮೈಕ್ರಾನ್‌ಗಿಂತ ಸಣ್ಣದು. ನಾಲ್ಕು ದಿನದ ಕುರುಚಲು ಗಡ್ಡ ಮಾಸ್ಕಿನ ಅಂಚನ್ನು ಚರ್ಮದಿಂದ ಸ್ವಲ್ಪ ಎತ್ತಿ ಹಿಡಿದರೆ ಸಾಕು, ಆ ಧೂಳಿಗೆ ಅದು ಹೆಬ್ಬಾಗಿಲು.

ಕೆಜಿಎಫ್ ಅಂದ್ರೆ ಬರೀ ಸಿನಿಮಾ ಅಲ್ಲ

ಕಲ್ಲಿನ ಧೂಳು ಅಷ್ಟು ಅಪಾಯನಾ ಅಂತ ಕೇಳಬಹುದು. ನಾನೂ ಕೇಳಿದ್ದೆ. ಗ್ರಾನೈಟ್ ಕಲ್ಲಿನಲ್ಲಿ ಕ್ವಾರ್ಟ್ಜ್ ಇರುತ್ತೆ, ಅಂದ್ರೆ ಸಿಲಿಕಾ. ಕಲ್ಲು ಒಡೆದಾಗ ಅದು ಕಣ್ಣಿಗೆ ಕಾಣದಷ್ಟು ಸಣ್ಣ ಪುಡಿಯಾಗಿ ಗಾಳಿಗೆ ಸೇರುತ್ತೆ. ಕಣ್ಣಿಗೆ ಕಾಣೋ ಬಿಳಿ ಧೂಳು ಮೂಗು, ಗಂಟಲಲ್ಲೇ ಬಹಳಷ್ಟು ನಿಲ್ಲುತ್ತೆ, ಕಾಣದೇ ಇರೋದೇ ಕೆಳಗೆ ಇಳಿಯೋದು. ವರ್ಷಗಟ್ಟಲೆ ಉಸಿರಾಡಿದರೆ ಶ್ವಾಸಕೋಶದಲ್ಲಿ ಗಾಯ ಆಗಿ, ಅದು ಕಲೆಗಟ್ಟಿ ಗಟ್ಟಿಯಾಗುತ್ತೆ. ಇದಕ್ಕೆ ಸಿಲಿಕೋಸಿಸ್ ಅಂತಾರೆ. ಬಂದ ಮೇಲೆ ವಾಸಿ ಮಾಡೋ ಔಷಧಿ ಇಲ್ಲ. ಕೆಲಸ ಬಿಟ್ಟ ಮೇಲೂ ರೋಗ ಮುಂದುವರಿಯಬಹುದು. ಇದು ಇದ್ದವರಿಗೆ ಕ್ಷಯ ಬರೋ ಸಾಧ್ಯತೆ ಜಾಸ್ತಿ. ಎಷ್ಟೋ ಸಲ ಸಿಲಿಕೋಸಿಸ್ಸನ್ನೇ ಕ್ಷಯ ಅಂದುಕೊಂಡು ಆ ಮಾತ್ರೆ ಕೊಡ್ತಾರೆ.

ಇದು ಎಲ್ಲೋ ದೂರದ ರೋಗ ಅಲ್ಲ. ಭಾರತದಲ್ಲಿ ಸಿಲಿಕೋಸಿಸ್ ಮೊದಲು ವರದಿಯಾಗಿದ್ದು ನಮ್ಮ ಕೋಲಾರದ ಚಿನ್ನದ ಗಣಿಯಲ್ಲಿ, 1934ರಲ್ಲಿ. 1940ರಲ್ಲಿ ಮೈಸೂರು ಸಂಸ್ಥಾನ ಇದಕ್ಕಾಗಿಯೇ ಮೈಸೂರು ಸಿಲಿಕೋಸಿಸ್ ನಿಯಮಗಳನ್ನು ಮಾಡಿತು. 1940ರ ದಶಕದಲ್ಲಿ ಅಲ್ಲಿನ ಏಳು ಸಾವಿರಕ್ಕೂ ಹೆಚ್ಚು ಕಾರ್ಮಿಕರನ್ನು ಪರೀಕ್ಷೆ ಮಾಡಿದಾಗ ನೂರಕ್ಕೆ ನಲವತ್ತಕ್ಕಿಂತ ಹೆಚ್ಚು ಜನರಲ್ಲಿ ಈ ರೋಗ ಕಂಡಿತ್ತು. ಕೆಜಿಎಫ್ ಅಂದ ಕೂಡಲೇ ನಮಗೆಲ್ಲ ರಾಕಿ ಭಾಯ್ ನೆನಪಾಗ್ತಾನೆ. ಗಣಿ 2001ರಲ್ಲಿ ಮುಚ್ಚಿತು, ಸಿನಿಮಾ ಬಂತು, ಡೈಲಾಗ್ ಬಾಯಿಪಾಠ ಆಯ್ತು. ಆದರೆ ಆ ಗಣಿಯಲ್ಲಿ ಉಸಿರು ಕಳೆದುಕೊಂಡವರ ವಿಷಯ ನಾನು ಹತ್ತೊಂಬತ್ತು ವರ್ಷ ಕೇಳೇ ಇರಲಿಲ್ಲ. ನಮ್ಮ ಯಾವ ಪಠ್ಯದಲ್ಲೂ ಅದನ್ನ ನಾನು ಓದಿಲ್ಲ.

ನಮ್ಮ ಜಿಲ್ಲೆಗೂ ಕಲ್ಲಿಗೂ ಹಳೇ ನಂಟು. ಬೇಲೂರು, ಹಳೇಬೀಡಿನ ಮೆತ್ತನೆ ಬಳಪದ ಕಲ್ಲು, ಶ್ರವಣಬೆಳಗೊಳದ ಗೊಮ್ಮಟನ ಗಟ್ಟಿ ಗ್ರಾನೈಟ್. ಇವತ್ತಿಗೂ 'ಹಾಸನ್ ಗ್ರೀನ್' ಅನ್ನೋ ಹೆಸರಲ್ಲಿ ಗ್ರಾನೈಟ್ ಮಾರಾಟ ಆಗುತ್ತೆ. ಟೂರಿಸಂ ಪೋಸ್ಟರ್‌ನಲ್ಲಿ ನಾವು ಕೆತ್ತನೆ ತೋರಿಸ್ತೀವಿ. ಈಗ ಕಲ್ಲು ಒಡೆಯೋರ ಎದೆಯ ಎಕ್ಸ್‌ರೇ ಯಾರೂ ಕೇಳಲ್ಲ.

ಫಿಟ್ ಟೆಸ್ಟ್ ಅಂದ್ರೆ ಏನು?

ಮುಖಕ್ಕೆ ಮಾಸ್ಕ್ ಕೂತಿದೆಯಾ ಅಂತ ನೋಡೋಕೆ ಒಂದು ಪದ್ಧತಿ ಇದೆ. ಅಮೆರಿಕದಲ್ಲಿ ಓಶಾ ನಿಯಮ 1910.134ರ ಪ್ರಕಾರ ಬಿಗಿಯಾಗಿ ಕೂರೋ ಮಾಸ್ಕ್ ಹಾಕಲೇಬೇಕಾದ ಕೆಲಸಗಾರನಿಗೆ ಮೊದಲ ಸಲ ಹಾಕೋ ಮುಂಚೆ ಒಮ್ಮೆ, ಆಮೇಲೆ ವರ್ಷಕ್ಕೊಮ್ಮೆ ಫಿಟ್ ಟೆಸ್ಟ್ ಮಾಡಲೇಬೇಕು. ಮಾಸ್ಕಿನ ಮಾಡೆಲ್ ಅಥವಾ ಸೈಜ್ ಬದಲಾದರೆ ಮತ್ತೆ ಮಾಡಬೇಕು. ಟೆಸ್ಟ್ ಮಾಡಿಸೋ ಖರ್ಚು ಮಾಲೀಕನದು.

ಯಂತ್ರ ಇಟ್ಟು ಮಾಡೋ ಟೆಸ್ಟ್‌ನಲ್ಲಿ ಹೊರಗಿನ ಗಾಳಿಯಲ್ಲಿ ಎಷ್ಟು ಕಣ, ಮಾಸ್ಕ್ ಒಳಗೆ ಎಷ್ಟು ಕಣ ಅಂತ ಎಣಿಸ್ತಾರೆ. ಹೊರಗಿನದನ್ನು ಒಳಗಿನದರಿಂದ ಭಾಗಿಸಿದರೆ ಬರೋದು ಫಿಟ್ ಫ್ಯಾಕ್ಟರ್. ಎನ್95 ಥರದ ಅರ್ಧ ಮುಖದ ಮಾಸ್ಕ್‌ಗೆ ಅದು ಕನಿಷ್ಠ 100 ಬರಬೇಕು.

ಯಂತ್ರ ಇಲ್ಲದೇ ಮಾಡೋದು ಇನ್ನೊಂದು, ನಾಲಿಗೆಯ ಟೆಸ್ಟ್. ತಲೆಗೆ ಪಾರದರ್ಶಕ ಹುಡ್ ಹಾಕಿ, ಅದರೊಳಗೆ ಸ್ಯಾಕರಿನ್ ನೀರನ್ನು ಮಂಜಿನ ಥರ ಸ್ಪ್ರೇ ಮಾಡ್ತಾರೆ. ಸ್ಯಾಕರಿನ್ ಅಂದ್ರೆ ಸಕ್ಕರೆ ಕಾಯಿಲೆಯವರು ಕಾಫಿಗೆ ಹಾಕೋ ಸಿಹಿ ಮಾತ್ರೆಗಳಲ್ಲಿ ಒಂದು. ಮೊದಲು ಮಾಸ್ಕ್ ಇಲ್ಲದೇ ತೆಳು ದ್ರಾವಣ ಬಿಟ್ಟು, ಆ ವ್ಯಕ್ತಿಗೆ ಸಿಹಿ ಗೊತ್ತಾಗುತ್ತಾ ಅಂತ ನೋಡ್ತಾರೆ. ಆಮೇಲೆ ಮಾಸ್ಕ್ ಹಾಕಿಸಿ ನೂರು ಪಟ್ಟು ಗಟ್ಟಿ ದ್ರಾವಣ ಬಿಡ್ತಾರೆ. ಆಗಲೂ ಸಿಹಿ ಗೊತ್ತಾಗದೇ ಇದ್ದರೆ ಪಾಸ್. ನೂರು ಪಟ್ಟು ಯಾಕೆ ಅಂದ್ರೆ ಮೇಲೆ ಹೇಳಿದ ಫಿಟ್ ಫ್ಯಾಕ್ಟರ್ 100 ಇದೆಯಲ್ಲ, ಅದಕ್ಕೇ. ಸಿಹಿ ಗೊತ್ತಾಗದೇ ಇರೋರಿಗೆ ಕಹಿ ಇರೋ ಬಿಟ್ರೆಕ್ಸ್ ಬಳಸ್ತಾರೆ. ಟೆಸ್ಟ್ ನಡೆಯುವಾಗ ಸುಮ್ಮನೆ ನಿಲ್ಲೋ ಹಾಗಿಲ್ಲ. ಜೋರಾಗಿ ಉಸಿರಾಡಬೇಕು, ತಲೆ ಎಡಕ್ಕೆ ಬಲಕ್ಕೆ ತಿರುಗಿಸಬೇಕು, ಮೇಲೆ ಕೆಳಗೆ ಮಾಡಬೇಕು, ಬಗ್ಗಬೇಕು, ಮಾತಾಡಬೇಕು. ಯಾಕಂದ್ರೆ ಕೆಲಸದಲ್ಲಿ ಯಾರೂ ಪಾಸ್‌ಪೋರ್ಟ್ ಫೋಟೋಗೆ ಕೂತ ಹಾಗೆ ಕೂತಿರಲ್ಲ.

ಈ ಟೆಸ್ಟಿಗೂ ಕಂಪನಿ ಫ್ಯಾಕ್ಟರಿಯಲ್ಲಿ ಮಾಡೋ ಟೆಸ್ಟಿಗೂ ವ್ಯತ್ಯಾಸ ಇದೆ. ಮಾಸ್ಕ್ ಮೇಲೆ ಮುದ್ರೆ ಇದ್ದರೆ ಆ ಮಾಡೆಲ್ ಪಾಸ್ ಆಗಿದೆ ಅಂತ ಅರ್ಥ. ನಿಮ್ಮ ಮುಖದ ಮೇಲೆ ಪಾಸ್ ಆಗಿದೆ ಅಂತ ಅರ್ಥ ಅಲ್ಲ. ಅಮೆರಿಕದಲ್ಲಿ ಮಾಸ್ಕ್ ಡಿಸೈನ್‌ಗೆ ಬಹಳ ವರ್ಷ ಬಳಸಿದ ಮುಖದ ಅಳತೆಗಳು 1960ರ ದಶಕದ ಕೊನೆಯಲ್ಲಿ ಅಲ್ಲಿನ ವಾಯುಪಡೆಯ ಸಿಬ್ಬಂದಿಯಿಂದ ತೆಗೆದವು. ಅದು ಸಾಮಾನ್ಯ ಕೆಲಸಗಾರರ ಮುಖಕ್ಕೆ ಸರಿಹೋಗಲ್ಲ ಅಂತ 2003ರಲ್ಲಿ ಸುಮಾರು ನಾಲ್ಕು ಸಾವಿರ ಕೆಲಸಗಾರರ ಮುಖ ಅಳೆದು ಹೊಸ ಪಟ್ಟಿ ಮಾಡಿದರು. ಅವರ ದೇಶದಲ್ಲೇ ಹೀಗಾದರೆ, ದುದ್ದದ ನಮ್ಮ ಚಿಕ್ಕಪ್ಪನ ಚಪ್ಪಟೆ ಮೂಗಿಗೆ, ಅವರ ಜೊತೆ ಪುಡಿ ಬಳಿಯೋ ಹೆಂಗಸರ ಸಣ್ಣ ಮುಖಕ್ಕೆ, ಡಬ್ಬದಲ್ಲಿ ಬಂದ ಒಂದೇ ಸೈಜ್ ಹೇಗೆ ಸರಿಹೋಗುತ್ತೆ? ಚಪ್ಪಲಿ ತಗೊಳ್ಳೋಕೆ ಹೋದರೆ ನಂಬರ್ ಕೇಳ್ತಾರೆ. ಮಾಸ್ಕ್ ಕೊಡುವಾಗ ಯಾರೂ ಕೇಳಲ್ಲ.

ನಾನು ಮಾಡಿದ ತಪ್ಪು, ಆಮೇಲೆ ಸರಿ ಮಾಡಿದ್ದು

ಇಷ್ಟೆಲ್ಲಾ ಓದೋಕೆ ಮುಂಚೆ ನಾನು ಊರಲ್ಲೇ ಒಂದು ಪ್ರಯೋಗ ಮಾಡಿದ್ದೆ. ದೇವರ ಮನೆಯಿಂದ ಊದುಬತ್ತಿ ತಂದು ಚಿಕ್ಕಪ್ಪನ ಮುಂದೆ ಹಿಡಿದು "ವಾಸನೆ ಬರುತ್ತಾ?" ಅಂದೆ. "ಬತ್ತದೆ" ಅಂದ್ರು. ಎನ್95 ಸರಿಯಾಗಿ ಹಾಕಿಸಿ ಮತ್ತೆ ಹಿಡಿದೆ. "ಈಗ್ಲೂ ಬತ್ತದೆ ಕಣ್ಲಾ, ನಿನ್ ಇಂಜಿನಿಯರಿಂಗ್ ಇಷ್ಟೇಯಾ?" ಅಂದ್ರು. ಅಜ್ಜಿ ಬಿದ್ದು ಬಿದ್ದು ನಕ್ಕರು.

ತಪ್ಪು ನನ್ನದೇ. ವಾಸನೆ ಅನ್ನೋದು ಅನಿಲ, ಎನ್95 ಹಿಡಿಯೋದು ಕಣ. ಸರಿಯಾಗಿ ಕೂತ ಮಾಸ್ಕಿನ ಒಳಗೂ ವಾಸನೆ ಬಂದೇ ಬರುತ್ತೆ. ವಾಸನೆ ಬಂತು ಅಂದ ಮಾತ್ರಕ್ಕೆ ಸೋರ್ತಿದೆ ಅಂತಲ್ಲ.

ಈ ತಪ್ಪಿನಿಂದ ಇನ್ನೊಂದು ವಿಷಯ ಹೊಳೆಯಿತು. ನಮ್ಮ ಕಡೆ ಆಲೂಗಡ್ಡೆ ಬೆಳೆ ಜಾಸ್ತಿ. ಜಲಂಧರ್ ಕಡೆಯಿಂದ ಬಂದ ಬಿತ್ತನೆ ಗಡ್ಡೆ ಹಾಕಿ, ಅಂಗಮಾರಿ ಬಂದರೆ ಕಷ್ಟ ಅಂತ ಮೇಲಿಂದ ಮೇಲೆ ಔಷಧಿ ಹೊಡೀತಾರೆ. ಅಪ್ಪ ಮುಖಕ್ಕೆ ಟವೆಲ್ ಸುತ್ತಿಕೊಂಡು ಹೊಡೀತಾರೆ. ಟವೆಲ್ ಒದ್ದೆಯಾದರೆ ಅದೇ ಔಷಧಿಯನ್ನು ಮೂಗಿಗೆ ಕಟ್ಟಿಕೊಂಡ ಹಾಗೆ. "ಎನ್95 ಹಾಕ್ಕೊಂಡ್ರೆ ಸರಿಹೋಗುತ್ತೆ" ಅಂತ ಹೇಳೋಣ ಅಂತಿದ್ದೆ. ಅದು ಪುಡಿಗೆ, ಹನಿಗೆ ಸ್ವಲ್ಪ ತಡೆಯಾದೀತು, ಆವಿಗೆ ಏನೂ ಮಾಡಲ್ಲ. ಆವಿಗೆ ಇದ್ದಿಲಿನ ಕಾರ್ಟ್ರಿಜ್ ಇರೋ ಮಾಸ್ಕ್ ಬೇಕು. ಯಾವ ಕೆಲಸಕ್ಕೆ ಯಾವ ಮಾಸ್ಕ್ ಅನ್ನೋದು ಮೊದಲ ಪ್ರಶ್ನೆ, ಅದು ಕೂತಿದೆಯಾ ಅನ್ನೋದು ಎರಡನೆಯದು. ಮೊದಲನೆಯದಕ್ಕೇ ತಪ್ಪು ಉತ್ತರ ಬರೆದರೆ ಎರಡನೆಯದಕ್ಕೆ ಮಾರ್ಕ್ಸ್ ಸಿಗಲ್ಲ.

ಕಾಲೇಜಿಗೆ ವಾಪಸ್ ಬಂದ ಮೇಲೆ ನಾವು ಐದು ಜನ ಹಾಸ್ಟೆಲ್‌ನಲ್ಲಿ ಸ್ಯಾಕರಿನ್ ಟೆಸ್ಟ್ ಮಾಡಿ ನೋಡಿದೆವು. ರೂಮ್‌ಮೇಟ್‌ನ ನೆಬ್ಯುಲೈಸರ್, ಗಟ್ಟಿ ಪಾರದರ್ಶಕ ಶೀಟಿನಿಂದ ಮಾಡಿದ, ಕೆಳಗೆ ಪೂರ್ತಿ ತೆರೆದಿರೋ ಹುಡ್. ಪ್ಲಾಸ್ಟಿಕ್ ಕವರ್ ಮಾತ್ರ ಯಾರೂ ತಲೆಗೆ ಹಾಕಿಕೊಳ್ಳಬೇಡಿ, ಪ್ರಾಣಕ್ಕೇ ಅಪಾಯ. ಐವರೂ ಒಂದೇ ಮಾಡೆಲ್ ಹಾಕಿಕೊಂಡಿದ್ದೆವು. ಮೂವರಿಗೆ ಸಿಹಿ ಗೊತ್ತಾಯ್ತು, ಅದರಲ್ಲಿ ನಾನೂ ಒಬ್ಬ. ಬಾಯಲ್ಲಿ ಸಿಹಿ ಬಂದಾಗ ನಿಜವಾಗಲೂ ಭಯ ಆಯ್ತು. ಇದು ಸ್ಯಾಕರಿನ್ ಬದಲು ಸಿಲಿಕಾ ಆಗಿದ್ದಿದ್ದರೆ ಯಾವ ರುಚಿನೂ ಇರ್ತಿರಲಿಲ್ಲ, ಗೊತ್ತೂ ಆಗ್ತಿರಲಿಲ್ಲ. ನಮ್ಮದು ಸ್ಟಡಿ ಏನಲ್ಲ, ಪಕ್ಕಾ ವಿಧಾನವೂ ಅಲ್ಲ. ಆದರೆ "ಹಾಕಿಕೊಂಡಿದ್ದೀನಿ, ಸೇಫ್" ಅನ್ನೋ ನಂಬಿಕೆ ಅವತ್ತೇ ಹೋಯ್ತು.

"ಜನ ಹಾಕಲ್ಲ ಸಾರ್" ಅನ್ನೋ ಮಾತು

ಈ ವಿಷಯ ಎತ್ತಿದರೆ ಎಲ್ಲರ ಬಾಯಲ್ಲೂ ಬರೋ ಮಾತು ಇದು. "ನಾವು ಕೊಡ್ತೀವಿ, ಜನ ಹಾಕಲ್ಲ." ನಮ್ಮ ಕ್ಲಾಸಲ್ಲೂ ಕೆಲವರು ಹೀಗೇ ಅಂದ್ರು. ನಾನು ಚಿಕ್ಕಪ್ಪನ ಪರ ವಾದ ಮಾಡ್ತೀನಿ.

ಬೇಸಿಗೆಯಲ್ಲಿ, ಕಲ್ಲಿನ ಕಾವಿನಲ್ಲಿ, ಎಂಟು ಗಂಟೆ ಬಿಗಿ ಮಾಸ್ಕ್ ಹಾಕೋದು ಸುಲಭ ಅಲ್ಲ. ನಾನು ಅರ್ಧ ಗಂಟೆ ಹಾಕಿಕೊಂಡು ಹಾಸ್ಟೆಲ್ ಮೆಟ್ಟಿಲು ಹತ್ತಿ ಇಳಿದೆ, ಸಾಕಾಯ್ತು. ಒಳಗೆ ಬೆವರು, ಮಾತಾಡಿದರೆ ಪಕ್ಕದವನಿಗೆ ಕೇಳಲ್ಲ. ಕ್ರಷರ್ ಸದ್ದಲ್ಲಿ ಕೂಗಿ ಹೇಳೋದು ಕೇಳದೇ ಇದ್ದರೆ ಅದೇ ಇನ್ನೊಂದು ಅಪಾಯ. ಚಿಕ್ಕಪ್ಪ ದಾರ ಕತ್ತರಿಸಿದ್ದು ಮೂರ್ಖತನದಿಂದ ಅಲ್ಲ. ಆ ಕೆಳಗಿನ ದಾರ ಯಾಕೆ ಇದೆ ಅಂತ ಅವರಿಗೆ ಯಾರೂ ಹೇಳಿರಲಿಲ್ಲ. ಡಬ್ಬದಲ್ಲಿ ಒಂದು ಸೂಚನೆ ಚೀಟಿ ಇತ್ತು. ಎಲ್ಲಾ ಇಂಗ್ಲಿಷ್, ಸಣ್ಣ ಅಕ್ಷರ. ಚಿಕ್ಕಪ್ಪ ಏಳನೇ ಕ್ಲಾಸ್‌ವರೆಗೆ ಕನ್ನಡ ಓದಿದವರು, ಜೊತೆಯ ಅರ್ಧ ಜನ ಬಿಹಾರ, ಒಡಿಶಾದವರು. ಆ ಚೀಟಿ ಓದಬಲ್ಲವನು ಆ ಇಡೀ ಜಾಗದಲ್ಲಿ ಒಬ್ಬನೂ ಇಲ್ಲ. ಅದನ್ನ ಮನೆಯಲ್ಲಿ ಓದಿದವನು ನಾನು, ಆ ಧೂಳಿನಲ್ಲಿ ಒಂದು ದಿನವೂ ನಿಲ್ಲದವನು. ನನ್ನ ಇಂಗ್ಲಿಷ್ ಮೀಡಿಯಂ ಅವತ್ತು ಮೊದಲ ಸಲ ಮನೆಯವರಿಗೆ ಉಪಯೋಗಕ್ಕೆ ಬಂತು ಅನ್ನಿಸಿತು, ಜೊತೆಗೇ ಬೇಜಾರೂ ಆಯ್ತು.

ಗಡ್ಡದ ವಿಷಯನೂ ಸೂಕ್ಷ್ಮ. ಕಾರ್ತಿಕದ ಹೊತ್ತಿಗೆ ನಮ್ಮ ಕಡೆ ಎಷ್ಟೋ ಜನ ಅಯ್ಯಪ್ಪನ ಮಾಲೆ ಹಾಕ್ತಾರೆ, ಶಬರಿಮಲೆಗೆ ಹೋಗಿ ಬರೋವರೆಗೆ ಗಡ್ಡ ತೆಗೆಯಲ್ಲ. ಅವರಿಗೆ "ಗಡ್ಡ ಬೋಳಿಸು" ಅಂತ ಆರ್ಡರ್ ಮಾಡೋದು ಸರಿಯಲ್ಲ, ಯಾರೂ ಕೇಳೋದೂ ಇಲ್ಲ. ಆ ದಿನಗಳಲ್ಲಿ ಅವರನ್ನ ಧೂಳು ಕಡಿಮೆ ಇರೋ ಕೆಲಸಕ್ಕೆ, ಮುಚ್ಚಿದ ಕ್ಯಾಬಿನ್ನಿನ ಕೆಲಸಕ್ಕೆ ಹಾಕಬಹುದು. ಮುಖಕ್ಕೆ ಅಂಟದೇ ಫ್ಯಾನಿನಿಂದ ಶುದ್ಧ ಗಾಳಿ ಬಿಡೋ ಹುಡ್‌ಗಳೂ ಇವೆ, ಬೆಲೆ ಜಾಸ್ತಿ ಅಷ್ಟೇ. ಬೇರೆ ಧರ್ಮದವರ ಗಡ್ಡಕ್ಕೂ ಇದೇ ಉತ್ತರ. ಯೋಚನೆ ಮಾಡಿದರೆ ದಾರಿ ಇದೆ. ಮೊದಲು ಅದು ಸಮಸ್ಯೆ ಅಂತ ಒಪ್ಪಿಕೊಳ್ಳಬೇಕು.

ಇನ್ನೊಂದು ವಾದ ಇದೆ, ಅದು ನನಗೂ ಒಪ್ಪಿಗೆ. ಮಾಸ್ಕ್ ಅನ್ನೋದು ಕೊನೆಯ ಉಪಾಯ. ಮೊದಲು ಧೂಳೇ ಏಳದ ಹಾಗೆ ಮಾಡಬೇಕು. ಕಲ್ಲು ಬೀಳೋ ಕಡೆ ನೀರಿನ ಸ್ಪ್ರೇ, ಬೆಲ್ಟಿಗೆ ಮುಚ್ಚಿಗೆ, ಜರಡಿಗೆ ಶೆಡ್, ಗಾಳಿ ತಡೆಯೋ ಗೋಡೆ, ಸುತ್ತ ಮರ. ಕ್ರಷರ್‌ಗಳನ್ನು ಹದ್ದಿನಲ್ಲಿಡೋಕೆ ಕರ್ನಾಟಕದಲ್ಲಿ 2011ರ ಕಾಯ್ದೆಯೇ ಇದೆ. ಹಾಗಾದರೆ ಮಾಸ್ಕಿನ ಬಗ್ಗೆ ಯಾಕೆ ಇಷ್ಟು ಮಾತು? ಚಿಕ್ಕಪ್ಪನ ಕ್ರಷರ್‌ನಲ್ಲಿ ಸ್ಪ್ರೇ ಪೈಪ್ ಇದೆ. ಏಪ್ರಿಲ್‌ನಲ್ಲಿ ಬೋರ್ ಬತ್ತುತ್ತೆ, ನಾಝಲ್ ಕಟ್ಟಿಕೊಳ್ಳುತ್ತೆ, ರಿಪೇರಿ ಆಗೋವರೆಗೂ ಕೆಲಸ ನಿಲ್ಲಲ್ಲ. ಸ್ಪ್ರೇ ನಿಂತ ದಿನ ಅವರ ಎದೆಗೂ ಆ ಧೂಳಿಗೂ ಮಧ್ಯೆ ಇರೋದು ಆ ಮಾಸ್ಕ್ ಒಂದೇ. ಕೊನೆಯ ಉಪಾಯವೇ ಸೋರ್ತಿದ್ದರೆ ಆಮೇಲೆ ಬೇರೆ ಉಪಾಯ ಇಲ್ಲ. ನೀರು ಬೇಕು ಅಂತ ಕೇಳೋಣ, ಮಾಸ್ಕ್ ಕೂರಿಸೋದನ್ನೂ ಕೇಳೋಣ. ಒಂದನ್ನ ತೋರಿಸಿ ಇನ್ನೊಂದನ್ನ ಬಿಡೋ ಹಾಗಿಲ್ಲ.

ಕಾನೂನಿನ ಬಗ್ಗೆ ಒಂದು ಮಾತು. ಸಿಲಿಕೋಸಿಸ್ ಬಂದರೆ ಸರ್ಕಾರಕ್ಕೆ ತಿಳಿಸಲೇಬೇಕಾದ ರೋಗ ಅಂತ 1948ರ ಫ್ಯಾಕ್ಟರಿ ಕಾಯ್ದೆಯ ಪಟ್ಟಿಯಲ್ಲೇ ಇತ್ತು. 1923ರ ಪರಿಹಾರ ಕಾಯ್ದೆಯಲ್ಲೂ ಅದು ಕೆಲಸದಿಂದ ಬರೋ ರೋಗ ಅಂತಲೇ ಇತ್ತು. ಆದರೆ ಪರಿಹಾರ ಕೇಳಬೇಕಾದರೆ ಅಲ್ಲಿ ಇಷ್ಟು ವರ್ಷ ಕೆಲಸ ಮಾಡಿದೆ ಅಂತ ತೋರಿಸಬೇಕು. ವಾರದ ಬಟವಾಡೆ ಕೈಗೆ ಎಣಿಸಿಕೊಂಡು ಬರೋ ಚಿಕ್ಕಪ್ಪನ ಹತ್ತಿರ ಒಂದು ಸ್ಲಿಪ್ ಕೂಡ ಇಲ್ಲ. ಅದಕ್ಕೇ ರೋಗ ಬಂದ ಮೇಲೆ ಓಡಾಡೋದಕ್ಕಿಂತ ಬರದ ಹಾಗೆ ನೋಡಿಕೊಳ್ಳೋದೇ ನಮ್ಮಂಥವರಿಗೆ ಇರೋ ದಾರಿ.

ನಾವೇನು ಮಾಡಬಹುದು?

ಮೊದಲು ನಮ್ಮ ಮುಖದಿಂದಲೇ ಶುರು ಮಾಡೋಣ. ವೆಲ್ಡಿಂಗ್ ಶಾಪ್‌ನಲ್ಲಿ, ಗ್ರೈಂಡಿಂಗ್ ಮಾಡುವಾಗ, ಕಾಂಕ್ರೀಟ್ ಲ್ಯಾಬ್‌ನಲ್ಲಿ ಸಿಮೆಂಟ್ ಚೀಲ ಬಿಚ್ಚುವಾಗ ನಾವು ಮಾಸ್ಕ್ ಹಾಕೋದು ಸರ್ ಬೈತಾರೆ ಅಂತ. ಹಾಕುವಾಗ ಹೀಗೆ ಮಾಡಿ. ಮೇಲಿನ ದಾರ ನೆತ್ತಿಯ ಹಿಂಭಾಗಕ್ಕೆ, ಕೆಳಗಿನದು ಕಿವಿಯ ಕೆಳಗೆ ಕುತ್ತಿಗೆಗೆ. ಎರಡೂ ಬೇಕು. ಮೂಗಿನ ಪಟ್ಟಿಯನ್ನು ಒಂದು ಕೈಯಲ್ಲಿ ಚಿವುಟಬೇಡಿ, ಮಧ್ಯೆ ಚೂಪಾಗಿ ಪಕ್ಕದಲ್ಲಿ ಸಂದು ಬಿಡುತ್ತೆ. ಎರಡೂ ಕೈಯ ಬೆರಳಿನಿಂದ ಮಧ್ಯದಿಂದ ಪಕ್ಕಕ್ಕೆ ಒತ್ತುತ್ತಾ ಹೋಗಿ. ಆಮೇಲೆ ಎರಡು ಅಂಗೈಯಲ್ಲಿ ಮಾಸ್ಕ್ ಮುಚ್ಚಿ ಜೋರಾಗಿ ಉಸಿರು ಬಿಡಿ. ಕಣ್ಣಿಗೆ, ಕೆನ್ನೆಗೆ ಗಾಳಿ ಬಡಿದರೆ ಸರಿಮಾಡಿ. ಉಸಿರು ಎಳೆಯಿರಿ, ಮಾಸ್ಕ್ ಸ್ವಲ್ಪ ಒಳಕ್ಕೆ ಹೀರಿಕೊಳ್ಳಬೇಕು. ಇದಕ್ಕೆ ಸೀಲ್ ಚೆಕ್ ಅಂತಾರೆ, ಹತ್ತು ಸೆಕೆಂಡ್ ಸಾಕು, ಪ್ರತಿ ಸಲ ಹಾಕುವಾಗಲೂ ಮಾಡಬೇಕು. ಇದು ಫಿಟ್ ಟೆಸ್ಟಿಗೆ ಬದಲಿ ಅಲ್ಲ. ಆದರೆ ಏನೂ ಇಲ್ಲದೇ ಇರೋದಕ್ಕಿಂತ ಎಷ್ಟೋ ವಾಸಿ.

ಎರಡನೆಯದು, ಪ್ರಾಜೆಕ್ಟ್. ಪ್ರತಿ ವರ್ಷ ನಾವು ಲೈನ್ ಫಾಲೋವರ್ ರೋಬೋ ಮಾಡ್ತೀವಿ, ಸ್ಮಾರ್ಟ್ ಡಸ್ಟ್‌ಬಿನ್ ಮಾಡ್ತೀವಿ. ಆನ್‌ಲೈನ್‌ನಲ್ಲಿ ಸಿಗೋ ಧೂಳಿನ ಸೆನ್ಸರ್ ಎರಡು ತಂದು, ಮಾಸ್ಕ್ ಒಳಗೊಂದು ಟ್ಯೂಬ್, ಹೊರಗೊಂದು ಟ್ಯೂಬ್ ಇಟ್ಟು ಅನುಪಾತ ತೋರಿಸೋ ಸಾಧನ ಮಾಡಬಹುದಲ್ಲ? ಅಸಲಿ ಯಂತ್ರದಷ್ಟು ನಿಖರ ಇರಲ್ಲ. ಆದರೆ ಕ್ರಷರ್ ಮಾಲೀಕನ ಮುಂದೆ ಇಟ್ಟು ನಂಬರ್ ತೋರಿಸೋಕೆ ಸಾಕಾಗಬಹುದು. ಇಸಿಯವರು, ಮೆಕ್‌ನವರು ಯಾರಾದರೂ ಆಸಕ್ತಿ ಇದ್ದರೆ ನಾನು ರೆಡಿ.

ಮೂರನೆಯದು ಕನ್ನಡ ಕ್ಲಬ್ಬಿಗೆ. ನವೆಂಬರ್ ಬಂದರೆ ನಾವು ಧ್ವಜ ಹಾರಿಸ್ತೀವಿ, ಡಿಜೆ ಹಾಕ್ತೀವಿ, ಆರ್ಕೆಸ್ಟ್ರಾ ಕರೆಸ್ತೀವಿ. ಮಾಡೋಣ, ಬೇಡ ಅನ್ನಲ್ಲ. ಅದರ ಜೊತೆಗೆ ಈ ವರ್ಷ ಒಂದು ಪೋಸ್ಟರ್ ಮಾಡೋಣ. ಮಾಸ್ಕ್ ಹಾಕೋ ಆರು ಚಿತ್ರ, ಕೆಳಗೆ ದೊಡ್ಡ ಅಕ್ಷರದಲ್ಲಿ ಕನ್ನಡ, ಅದರ ಕೆಳಗೆ ಹಿಂದಿ ಮತ್ತು ಒಡಿಯಾ, ಯಾಕಂದ್ರೆ ಧೂಳು ಯಾರ ಭಾಷೆ ಅಂತ ಕೇಳಲ್ಲ. ಹಾಸನ, ಹೊಳೆನರಸೀಪುರ, ಅರಕಲಗೂಡು, ಚನ್ನರಾಯಪಟ್ಟಣ ಕಡೆಯಿಂದ ಬಂದ ಹುಡುಗರು ಹುಡುಗೀರು ನಮ್ಮ ಕಾಲೇಜಲ್ಲಿ ಎಷ್ಟೋ ಜನ ಇದ್ದೀವಿ. ರಜೆಗೆ ಹೋಗುವಾಗ ಒಬ್ಬೊಬ್ಬರು ಎರಡೆರಡು ಪೋಸ್ಟರ್ ತಗೊಂಡು ಹೋದರೂ ಸಾಕು. ಕನ್ನಡ ಉಳಿಸಿ ಅಂತ ಭಾಷಣ ಮಾಡೋದಕ್ಕಿಂತ, ಒಬ್ಬರ ಎದೆ ಉಳಿಸೋ ನಾಲ್ಕು ಸಾಲನ್ನು ಕನ್ನಡದಲ್ಲಿ ಬರೆಯೋದು ನನಗೆ ಮುಖ್ಯ ಅನ್ನಿಸುತ್ತೆ. ಮೊದಲಲ್ಲಿ ಕನ್ನಡದಲ್ಲೇ ಬರೀಬೇಕು ಅಂದಿದ್ದು ಇದಕ್ಕೇ.

ಚಿಕ್ಕಪ್ಪನ ವಿಷಯಕ್ಕೆ ಬರ್ತೀನಿ. ಹಾಸನದಲ್ಲಿ ಮೂರು ಅಂಗಡಿ ಸುತ್ತಿ ಮೂರು ಥರದ ಮಾಸ್ಕ್ ತಂದೆವು. ಮಡಚುವ ಥರದ, ಮೂಗಿನ ಹತ್ತಿರ ಒಳಗೆ ಮೆತ್ತನೆ ಸ್ಪಾಂಜ್ ಇರೋ ಒಂದು ಅವರ ಮುಖಕ್ಕೆ ಕೂತಿತು. ಸೀಲ್ ಚೆಕ್‌ನಲ್ಲಿ ಎಲ್ಲೂ ಗಾಳಿ ಬಿಡಲಿಲ್ಲ. ಉಸಿರು ಬಿಡೋಕೆ ಕವಾಟ ಇದ್ದಿದ್ದರಿಂದ ಸೆಕೆನೂ ಸ್ವಲ್ಪ ಕಡಿಮೆ. ವಾರಕ್ಕೆರಡು ಸಲ ಆಗ್ತಿದ್ದ ಶೇವಿಂಗ್ ಈಗ ದಿನಾ ಬೆಳಿಗ್ಗೆ. ಚಿಕ್ಕಮ್ಮ "ಈ ವಯಸ್ನಲ್ಲಿ ಮದ್ಮಗನ್ ಥರ ಆಡ್ತವ್ರೆ" ಅಂತ ರೇಗಿಸ್ತಾರೆ.

ಮೊನ್ನೆ ಫೋನ್ ಮಾಡಿದಾಗ ಕೇಳಿದೆ, ಮಾಸ್ಕ್ ಒಳಗೆ ಆ ಬೂದು ಗೆರೆ ಬರ್ತಿದೆಯಾ ಅಂತ. "ಇಲ್ಲ ಕಣ್ಲಾ, ಒಳಗೆ ಬೆಳ್ಳಗೈತೆ" ಅಂದ್ರು. ಜೊತೆಯವರಿಗೂ ಇದೇ ಮಾಡೆಲ್ ತರಿಸಿ ಅಂತ ಓನರ್‌ಗೆ ಹೇಳಿದ್ದಾರಂತೆ. "ಡಬ್ಬ ಖಾಲಿ ಆಗ್ಲಿ, ಆಮೇಲೆ ನೋಡಾಣ" ಅಂದರಂತೆ ಅವರು. ಆ ಡಬ್ಬದಲ್ಲಿ ಇನ್ನೂ ಎಷ್ಟು ಮಾಸ್ಕ್ ಇವೆಯೋ. ಚಿಕ್ಕಪ್ಪ ಅಲ್ಲಿ ಕೆಲಸಕ್ಕೆ ಸೇರಿ ಹನ್ನೊಂದು ವರ್ಷ ಆಯ್ತು. ಎಕ್ಸ್‌ರೇ ತೆಗೆಸೋಣ ಬನ್ನಿ ಅಂತ ನಾನು ಎರಡು ಸಲ ಕರೆದೆ. "ಹಬ್ಬ ಕಳೀಲಿ" ಅಂತಾರೆ. ಅವರಿಗೂ ಭಯ ಇದೆ ಅಂತ ನನಗೆ ಗೊತ್ತು. ಈ ರಜೆಯಲ್ಲಿ ಹೋದಾಗ ಕರೆದುಕೊಂಡು ಹೋಗೇ ಹೋಗ್ತೀನಿ.

ಅಲ್ಲಿವರೆಗೆ, ನಮ್ಮ ಹುಡ್ ಮತ್ತು ಸ್ಯಾಕರಿನ್ ಬಾಟಲಿ ಹಾಸ್ಟೆಲ್‌ನಲ್ಲೇ ಇದೆ. ವರ್ಕ್‌ಶಾಪ್ ಬ್ಯಾಚ್ ಇರೋರು ಯಾರು ಬೇಕಾದರೂ ಬಂದು ನಿಮ್ಮ ಮಾಸ್ಕ್ ಟೆಸ್ಟ್ ಮಾಡಿಸಿಕೊಳ್ಳಬಹುದು. ಬರುವಾಗ ಎರಡು ವಿಷಯ ನೆನಪಿಡಿ. ಅದಕ್ಕೆ ಮುಂಚೆ ಕ್ಯಾಂಟೀನ್‌ನಲ್ಲಿ ಜಾಮೂನು ತಿನ್ನಬೇಡಿ, ನಾಲಿಗೆ ಸಿಹಿಗೆ ಒಗ್ಗಿದ್ದರೆ ಟೆಸ್ಟ್ ಸರಿ ಬರಲ್ಲ. ಮತ್ತೆ, ಹುಡುಗರೇ, ದಯವಿಟ್ಟು ಶೇವ್ ಮಾಡಿಕೊಂಡು ಬನ್ನಿ.